ಐದನೇ ಎಲೆ

ಅಂಗಡಿಯ ಬೀಗ ತೆಗೆಯದೆ ಪಂಚಾಕ್ಷರಪ್ಪ ನೇರವಾಗಿ ಸಂತೆಯ ಎದುರಿನ ಕಂಪ್ಯೂಟರ್ ಕ್ಲಾಸಿಗೆ ಬಂದ. ಶಿರಾಳಕೊಪ್ಪದಲ್ಲಿ ಸಸಿ ಮಾರುವವನು ಸಂತೆಯ ದಿನ ಬಾಗಿಲು ಹಾಕುವುದೆಂದರೆ ಸಣ್ಣ ಮಾತಲ್ಲ. ಆದರೆ ಉಳವಿಯ ನೀಲಾಂಬಿಕ ಕಂಡಕಂಡವರ ಮುಂದೆ ದೂರಿದ್ದಳು: ಒಂದೇ ತಾಯಿಗಿಡದಿಂದ ಲ್ಯಾಬಿನಲ್ಲಿ ಬೆಳೆಸಿದ ಬಾಳೆ ಎಂದು ಹೇಳಿ, ಕುಳ್ಳು ಜಾತಿ ಬೆರೆಸಿ ಕೊಟ್ಟ ಎಂದು. ಇಪ್ಪತ್ತು ವರ್ಷ ಉಳಿಸಿಕೊಂಡು ಬಂದ ಹೆಸರು ಮಣ್ಣುಪಾಲಾಗುವುದರಲ್ಲಿತ್ತು.

ಕೃಷಿ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಚೈತ್ರಶ್ರೀ ಪರೀಕ್ಷೆಗೆಂದು ಹಿಂದೆಯೇ ನೀಲಾಂಬಿಕಳ ತೋಟದ ಎಲೆ ಕೇಳಿದ್ದಳು. ಐದು ಕುಳ್ಳು ಗಿಡ, ಐದು ಎತ್ತರದ ಗಿಡ ಎಂದು ನೀಲಾಂಬಿಕಳೇ ಎಲೆ ಕೊಯ್ದು, ನಂಬರು ಹಾಕಿ ಕೊಟ್ಟಿದ್ದಳು. ಇವತ್ತು ಚೈತ್ರಶ್ರೀ ತಾನೇ ಬರೆದ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತಂದಿದ್ದಳು. ನೀಲಾಂಬಿಕಳೂ ಬಂದು ಪಕ್ಕದಲ್ಲಿ ಕೂತಿದ್ದಳು.

"ಡಿಎನ್‌ಎ ಅಂದ್ರೆ ಗಿಡದ ಒಳಗಿನ ಬರಹ ಅಂದ್ಕೊಳ್ಳಿ. ಅದರ ಮೇಲೆ ಅಲ್ಲಲ್ಲಿ ಮೀಥೈಲ್ ಅಂತ ಚುಕ್ಕಿ ಕೂತಿರ್ತದೆ. ಬರಹ ಅದೇ ಇದ್ರೂ ಚುಕ್ಕಿ ಜಾಗ ಬದಲಾದ್ರೆ ಗಿಡ ಕುಳ್ಳಾಗಬಹುದು. ಬರಹದ ಉದ್ದಕ್ಕೂ ಮುನ್ನೂರು ಕಡೆ ಬರಹ, ಚುಕ್ಕಿ ಎರಡನ್ನೂ ನೋಡಿದೀವಿ. ಹತ್ತೂ ಎಲೆನ ಇದು ತಾಳೆ ಹಾಕ್ತದೆ."

ಮುನ್ನೂರು ಕಡೆ, ಹತ್ತು ಎಲೆ! ಮನುಷ್ಯ ಕೂತು ನೋಡಿದರೆ ಕಣ್ಣು ಮಂಜಾದೀತು. ಪರದೆಯ ಮೇಲೆ ಸಾಲುಗಳು ಓಡಿದವು, ಆಮೇಲೆ ನಿಂತವು.

"ಬರಹ ಎಲ್ಲದ್ರಲ್ಲೂ ಒಂದೇ, ಅಂದ್ರೆ ಎಲ್ಲಾ ಒಂದೇ ಜಾತಿ. ನಾಲ್ಕು ಕುಳ್ಳು ಗಿಡಗಳಲ್ಲಿ ಚುಕ್ಕಿ ಜಾಗ ತಪ್ಪಿದೆ, ಲ್ಯಾಬಿನ ಬಾಟಲಿಯಲ್ಲಿ ಬೆಳೆಸುವಾಗ ಹಾಗಾಗ್ತದೆ. ಬೆರಕೆ ಇಲ್ಲ."

"ನಿನ್ನ ಪೆಟ್ಟಿಗೆ ಏನು ಬೇಕಾದ್ರೂ ಹೇಳ್ತದೆ ತಂಗಿ," ಎಂದಳು ನೀಲಾಂಬಿಕ. "ಅದೇನು ನಮ್ಮ ತೋಟ ಕಂಡಿದ್ಯಾ?"

ಚೈತ್ರಶ್ರೀ ಹುಬ್ಬು ಗಂಟಿಕ್ಕಿದಳು. "ಒಂದು ಮಾತ್ರ ಅರ್ಥ ಆಗ್ತಿಲ್ಲ. ಐದನೇದು ಕುಳ್ಳು ಗಿಡದ್ದು, ಏಳನೇದು ಎತ್ತರದ್ದು ಅಂತ ಬರೆದಿದೀರಿ. ಬೇರೆ ಗಿಡ ಅಂದ್ಮೇಲೆ ನಾಲ್ಕು ಚುಕ್ಕಿಯಾದ್ರೂ ಬೇರೆ ಇರಬೇಕು. ಇಲ್ಲಿ ಒಂದೂ ಇಲ್ಲ. ಒಂದೇ ಗಿಡದ ಎರಡು ಎಲೆ ಅಂತಿದೆ."

ಪಂಚಾಕ್ಷರಪ್ಪ ಪರದೆಯತ್ತ ಬಾಗಿದ. ಯಂತ್ರವೇ ಎಡವಿದರೆ ಇನ್ನು ನಂಬುವವರು ಯಾರು?

ನೀಲಾಂಬಿಕ ಸೆರಗು ಸರಿಮಾಡಿಕೊಂಡಳು. "ಹೌದು ಮಾರಾಯ್ತಿ. ಐದನೇ ಗಿಡ ಗೊನೆ ಹಾಕಿತ್ತು. ತೋಟದ ಮೊದಲ ಗೊನೆ. ಮನೆದೇವ್ರಿಗೆ ಒಪ್ಪಿಸೋ ತನಕ ಆ ಗಿಡಕ್ಕೆ ಕತ್ತಿ ತಾಗಿಸೋ ಹಂಗಿಲ್ಲ ನಮ್ಮಲ್ಲಿ. ಏಳನೇದ್ರದ್ದೇ ಇನ್ನೊಂದು ಎಲೆ ಕೊಯ್ದು ಐದು ಅಂತ ಬರ್ದೆ. ಮನೇಲೂ ಯಾರಿಗೂ ಹೇಳಿಲ್ಲ."

"ಬೆರಕೆ ಅಂತ ಬೈದ ಗಿಡದ ಗೊನೆನೇ ದೇವ್ರಿಗೆ ಇಟ್ರಾ ನೀಲಕ್ಕ?" ಎಂದ ಪಂಚಾಕ್ಷರಪ್ಪ.

"ಸುಮ್ನಿರ್ರೀ!" ಎಂದು ಗದರಿದರೂ ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. "ನಾನು ಮುಚ್ಚಿಟ್ಟಿದ್ದನ್ನೇ ಹಿಡಿದ ಪೆಟ್ಟಿಗೆ, ನೀವು ಬೆರೆಸಿದ್ರೆ ಬಿಡ್ತಿತ್ತಾ?"

ಅವಳು ಎದ್ದು ಮೆಟ್ಟಿಲ ಮೇಲೆ ನಿಂತು, ದೂರಿದ ಗಂಟಲಲ್ಲೇ ಸಂತೆಗೆಲ್ಲ ಕೇಳುವಂತೆ ಕೂಗಿದಳು: "ಪಂಚಾಕ್ಷರಪ್ಪ ಬೆರೆಸಿಲ್ಲ ಕಣ್ರೋ! ತಪ್ಪು ನಂದು!"

ಪಂಚಾಕ್ಷರಪ್ಪ ಕಂಪ್ಯೂಟರಿಗೂ ಅದನ್ನು ನಡೆಸಿದ ಹುಡುಗಿಗೂ ಸೇರಿಸಿ ಒಂದೇ ಸಲ ಕೈ ಮುಗಿದ. ಆಮೇಲೆ ಬೀಗದ ಕೈಗಾಗಿ ಜೇಬು ತಡಕುತ್ತ ಅಂಗಡಿಯ ಕಡೆ ಓಡಿದ.