ಗೇಟಿನೊಳಗೆ ನಿಂತವಳ ಸಾಕ್ಷಿ

ವನಜ ಆ ಕವಿತೆಗಳ ಪುಸ್ತಕ ಕೊಂಡದ್ದು 1997ರಲ್ಲಿ, ಮೌಲ್ಯಮಾಪನಕ್ಕೆಂದು ಮಂಗಳೂರಿಗೆ ಹೋಗಿದ್ದಾಗ. ನೆಲ್ ಹಾರ್‌ಗ್ರೇವ್ ಎಂಬ ಅಮೆರಿಕದ ಕವಯಿತ್ರಿಯ ಹೆಸರನ್ನು ಇಂಗ್ಲಿಷ್ ಎಂ.ಎ. ಮಾಡಿದ ಅವಳೂ ಅದುವರೆಗೆ ಕೇಳಿರಲಿಲ್ಲ. ಹಿಂದಿನ ರಟ್ಟಿನ ಮೇಲೆ ಮೋಟುಗೂದಲಿನ ಮುದುಕಿಯ ಚಿತ್ರ. ಕೆಳಗೆ, ಯುದ್ಧವನ್ನು ವಿರೋಧಿಸಿ ಮೂರು ಸಲ ಜೈಲಿಗೆ ಹೋದವಳೆಂಬ ಒಂದು ಸಾಲು. ಹಳೆ ಪುಸ್ತಕದ ಅಂಗಡಿಯಲ್ಲಿ ನಿಂತಲ್ಲೇ ಒಂದು ಕವಿತೆ ಓದಿದಳು. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಹೆಂಗಸರು ಕೂಲಿಗಾಗಿ ರೈಲುಹಳಿಯ ಮೇಲೆ ಕೂತದ್ದರ ಕವಿತೆ. ಎಷ್ಟು ಉಜ್ಜಿದರೂ ಕೈಯಿಂದ ಮೀನಿನ ವಾಸನೆ ಹೋಗದು ಎಂಬ ಸಾಲು ಬಂದಾಗ ವನಜ, ಯಾರೋ ತನ್ನನ್ನು ಗುರುತು ಹಿಡಿದರೇನೋ ಎಂಬಂತೆ ಸುತ್ತ ನೋಡಿದಳು.

ಅಂಥ ಕೈ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಉಪ್ಪುಂದದ ಚಿಕ್ಕಮ್ಮ ಅಮ್ಮಣ್ಣಿ. ಬೆಳಿಗ್ಗೆ ಕಡಲತಡಿಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಬಸ್ಸು ಹತ್ತಿ ವಂಡ್ಸೆಗೆ ಹೋಗಿ ಮನೆಮನೆಗೆ ಮಾರಿ ಬರುವವಳು. ಆ ಮೀನಿನ ದುಡ್ಡಿನಲ್ಲೇ ವನಜ ಓದಿದ್ದು. ಕುಂದಾಪುರದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಮೇಲೆ ಪೇಟೆಯಲ್ಲೊಂದು ಕೋಣೆ ಹಿಡಿದು ಒಬ್ಬಳೇ ಇದ್ದಳು. ಮದುವೆಯ ಮಾತು ಬಂದು ಹೋಗಿ, ಕೊನೆಗೆ ಬರುವುದನ್ನೇ ಬಿಟ್ಟಿತ್ತು. ಚಿಕ್ಕಮ್ಮನ ವಿಷಯ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳೋ ಏನೋ, ಯಾರೂ ಕೇಳಲಿಲ್ಲ.

ಭಾನುವಾರಗಳಲ್ಲಿ ಅವಳು ಆ ಕವಿತೆಗಳನ್ನು ಕನ್ನಡಕ್ಕೆ ತರತೊಡಗಿದಳು. ಯಾರಿಗೂ ತೋರಿಸುವುದಕ್ಕಲ್ಲ. ಇಡೀ ವಾರ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿಲ್ಲದವಳಿಗೆ ಆ ಮುದುಕಿಯೇ ಎದುರು ಕೂತಂತಿತ್ತು. ರೈಲುಹಳಿಯ ಕವಿತೆ 'ನಾವು ಕೂತೆವು' ಎಂದು ಶುರುವಾಗುತ್ತಿತ್ತು. ಅದನ್ನು ಅವಳು ಹತ್ತು ಸಲವಾದರೂ ತಿದ್ದಿ ಬರೆದಿದ್ದಳು.

2001ರ ಡಿಸೆಂಬರಿನಲ್ಲಿ ಒಂದು ಖಾಸಗಿ ಬಸ್ಸಿನವರು, ಮೀನಿನ ಬುಟ್ಟಿ ಇದ್ದವರನ್ನು ಹತ್ತಿಸುವುದಿಲ್ಲ, ಬೇರೆ ಪ್ರಯಾಣಿಕರು ಮೂಗು ಮುಚ್ಚುತ್ತಾರೆ ಎಂದರು. ಮೂರು ದಿನ ಹೆಂಗಸರು ನಡೆದರು. ನಾಲ್ಕನೆಯ ದಿನ ನಲವತ್ತು ಮಂದಿ ಕುಂದಾಪುರಕ್ಕೆ ಬಂದು, ಬುಟ್ಟಿಗಳನ್ನು ಸಾಲಾಗಿ ಇಟ್ಟು, ಬಸ್ಸಿನೆದುರು ರಸ್ತೆಯಲ್ಲಿ ಕೂತುಬಿಟ್ಟರು. ಅದು ಕಾಲೇಜಿನ ಗೇಟಿನ ಎದುರೇ.

ಗಲಾಟೆ ಕೇಳಿ ವನಜ ಕ್ಲಾಸು ಬಿಟ್ಟು ಓಡಿ ಬಂದಳು. ಸಾಲಿನ ನಡುವೆ ಅಮ್ಮಣ್ಣಿ ಇದ್ದಳು. ಪಕ್ಕದಲ್ಲಿ ನೆರೆಮನೆಯ ಪದ್ದು. ಗೇಟಿಗೂ ಅವರಿಗೂ ಹದಿನೈದು ಹೆಜ್ಜೆ. ವನಜಳ ಕೈ ಗೇಟಿನ ಚಿಲಕದ ಮೇಲೆ ಹೋಯಿತು. ಹಿಂದೆ ಪ್ರಿನ್ಸಿಪಾಲರು "ಯಾರೂ ಹೊರಗೆ ಹೋಗಬೇಡಿ" ಎಂದದ್ದು ಕೇಳಿಸಿತು. ಕೈ ಚಿಲಕದ ಮೇಲೇ ಉಳಿಯಿತು. ಅವಳು ನೋಡುತ್ತಿದ್ದ ಹಾಗೇ ಡ್ರೈವರ್ ಸಿಟ್ಟಿನಲ್ಲಿ ಬಸ್ಸನ್ನು ರಿವರ್ಸ್ ತೆಗೆದ. ಹಿಂದಿದ್ದ ಲೈಟು ಕಂಬಕ್ಕೆ ಬಡಿದು ಬಸ್ಸಿನ ಹಿಂಗಾಜು ಪುಡಿಯಾಯಿತು. ಸಂಜೆಯ ಹೊತ್ತಿಗೆ, ಹೆಂಗಸರೇ ಕಲ್ಲು ಹೊಡೆದು ಗಾಜು ಒಡೆದರೆಂದು ಆರು ಜನರ ಮೇಲೆ ಕೇಸಾಯಿತು. ಅಮ್ಮಣ್ಣಿಯ ಹೆಸರು ಮೊದಲನೆಯದು.

ಭಾನುವಾರ ವನಜ ಉಪ್ಪುಂದಕ್ಕೆ ಹೋದಳು. ಚಿಕ್ಕಮ್ಮ ಒಲೆಯ ಮುಂದಿದ್ದಳು.

"ನಾನ್ ನಿನ್ನ ಕಂಡಿದೆ," ಎಂದಳು ಅಮ್ಮಣ್ಣಿ, ತಿರುಗದೆಯೇ. "ಗೇಟಿನೊಳ್ಗೆ ನಿಂತಿದ್ದೆ ಅಲ್ದಾ?"

"ಹೌದ್, ಚಿಕ್ಕಮ್ಮ."

"ಬರ್ಲಿಲ್ಲ, ಒಳ್ಳೇದಾಯ್ತ್. ಬಂದಿದ್ರೆ ನಿನ್ ಕೆಲ್ಸ ಹೋತಿತ್. ಅಷ್ಟ್ ಕಷ್ಟಪಟ್ಟ್ ಓದ್ಸಿದ್ದ್ ಎಂತಕ್ಕೆ? ಉಂಡ್ಕಂಡ್ ಹೋಗ್."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಂಗುಡೆ ಸಾರಿನ ಅನ್ನವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದಳು.

ಅನಂತರ ಅವಳಿಗೆ ಅನುವಾದ ಮಾಡಲಾಗಲಿಲ್ಲ. 'ನಾವು ಕೂತೆವು' ಎಂದು ಬರೆಯಹೋದರೆ ಕೈ ತಡೆಯುತ್ತಿತ್ತು. ಏಳೆಂಟು ತಿಂಗಳು ಪುಸ್ತಕ ಮುಟ್ಟಲಿಲ್ಲ. ಕೊನೆಗೆ ಪ್ರಕಾಶಕರ ವಿಳಾಸಕ್ಕೆ ಕವಯಿತ್ರಿಯ ಹೆಸರಿನಲ್ಲಿ ಪತ್ರ ಬರೆದಳು. ಅನುವಾದಕ್ಕೆ ಅನುಮತಿ ಕೇಳಲು ಕೂತದ್ದು. ಬರೆಯುತ್ತ ಬರೆಯುತ್ತ ಗೇಟು, ಚಿಲಕ, ಚಿಕ್ಕಮ್ಮ ಎಲ್ಲ ಬಂತು. ಯಾರಿಗೂ ಹೇಳದ್ದನ್ನು ಕಾಣದ ಮುದುಕಿಗೆ ಹೇಳಿ, ಮತ್ತೊಮ್ಮೆ ಓದಿದರೆ ಹರಿದುಹಾಕುತ್ತೇನೆಂದು ಹೆದರಿ, ಓದದೆ ಅಂಚೆಗೆ ಹಾಕಿದಳು.

ಎರಡು ತಿಂಗಳ ಮೇಲೆ ಉತ್ತರ ಬಂತು. ನಡುಗುವ ಕೈಬರಹ, ಒಂದೇ ಹಾಳೆ.

"ಅನುವಾದ ಮಾಡಿ. ಆದರೆ ಒಂದು ಮಾತು ನಿಮಗೆ ತಿಳಿದಿರಬೇಕು. ಆ ಹಳಿಯ ಮೇಲೆ ನಾನು ಕೂತಿರಲಿಲ್ಲ. ಎದುರಿನ ಹೋಟೆಲಿನ ಕಿಟಕಿಯಲ್ಲಿದ್ದೆ. ಆಗ ನನಗೆ ಇಪ್ಪತ್ತನಾಲ್ಕು. ಹೊಡೆದಾಟ ಶುರುವಾದಾಗ ಮೊದಲು ಹೊಡೆದವರು ಯಾರೆಂಬುದು ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ವಿಚಾರಣೆಗೆ ಯಾರೂ ನನ್ನನ್ನು ಕರೆಯಲಿಲ್ಲ. ನಾನಾಗಿ ಹೋಗಲೂ ಇಲ್ಲ. ಮನೆಗೆ ಬಂದು ಕವಿತೆ ಬರೆದೆ. ಆ ಹೆಂಗಸರಲ್ಲಿ ನಾಲ್ವರಿಗೆ ಶಿಕ್ಷೆಯಾಯಿತು. ಜೈಲಿಗೆ ಹೋಗುವ ಧೈರ್ಯ ಬಂದದ್ದು ಆಮೇಲೆ, ಅದರಿಂದ ಆ ನಾಲ್ವರಿಗೆ ಏನೂ ಆಗಲಿಲ್ಲ. ನಿಮ್ಮ ಹೆಂಗಸರ ಕೇಸು ಮುಗಿದಿದೆಯೆ?"

ಮುಗಿದಿರಲಿಲ್ಲ. ಮಾರನೆಯ ದಿನವೇ ವನಜ ರಜೆ ಹಾಕಿ ಬ್ರಹ್ಮಾವರಕ್ಕೆ ಹೋದಳು. ಹೆಂಗಸರ ವಕೀಲರಾದ ಪ್ರೇಮಾನಂದರ ಮನೆ ಅಲ್ಲಿತ್ತು. ಅವರು ಪೂರ್ತಿ ಕೇಳಿ ಕನ್ನಡಕ ತೆಗೆದರು.

"ಇಷ್ಟ್ ದಿನ ಎಲ್ಲಿದ್ರಿ ನೀವ್?"

"ಗೇಟಿನೊಳ್ಗೆ," ಎಂದಳು ವನಜ.

2003ರ ಮಾರ್ಚಿನಲ್ಲಿ ಅವಳು ಸಾಕ್ಷಿಯಾಗಿ ಕಟಕಟೆ ಹತ್ತಿದಳು. ಬಸ್ಸು ಹಿಂದೆ ಬಂದದ್ದು, ಕಂಬ, ಗಾಜು, ಎಲ್ಲ ಕಂಡಂತೆ ಹೇಳಿದಳು. ಸರ್ಕಾರಿ ವಕೀಲರು ಎದ್ದರು.

"ಮೊದಲನೆಯ ಆರೋಪಿ ಅಮ್ಮಣ್ಣಿ ನಿಮಗೆ ಪರಿಚಯವೆ?"

"ನನ್ನನ್ನು ಸಾಕಿದ ಚಿಕ್ಕಮ್ಮ."

"ಓಹೋ! ಅಂದರೆ ಅವರನ್ನು ಉಳಿಸಲು ಬಂದಿದ್ದೀರಿ."

"ಉಳಿಸಬೇಕೆಂದಿದ್ದರೆ ಅವತ್ತೇ ಗೇಟು ತೆಗೆದು ಹೋಗುತ್ತಿದ್ದೆ," ಎಂದಳು ವನಜ. "ಹೆದರಿ ಒಳಗೇ ನಿಂತೆ. ನಿಂತದ್ದಕ್ಕೆ ಎಲ್ಲ ಕಂಡಿತು. ಕಂಡದ್ದನ್ನು ಹೇಳಿದ್ದೇನೆ."

ಹಿಂದಿನ ಬೆಂಚಿನಲ್ಲಿ ಅವಳ ಕಾಲೇಜಿನ ಇಬ್ಬರು ಕೂತಿದ್ದರು. ಸಂಜೆಯೊಳಗೆ ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿತು. ಅಂದಿನಿಂದ ಮಧ್ಯಾಹ್ನ ಅವಳು ಬುತ್ತಿ ಬಿಚ್ಚಿದರೆ ಪಕ್ಕದವರಿಗೆ ಏನೋ ಕೆಲಸ ನೆನಪಾಗುತ್ತಿತ್ತು. ಪ್ರಿನ್ಸಿಪಾಲರು, ಕಾಲೇಜಿನ ಹೆಸರನ್ನು ಕೋರ್ಟಿಗೆ ಎಳೆದಿರೆಂದು ಒಂದು ಕಾಗದ ಕೊಟ್ಟರು. ಪಿಯೂನ್ ಮಾತ್ರ ನೀರು ತಂದಿಟ್ಟು, "ಎಂತ ಆಯ್ತ್, ಮೇಡಂ, ಕೇಸ್?" ಎಂದು ಕೇಳುತ್ತಿದ್ದ.

ಜೂನಿನಲ್ಲಿ ಆರೂ ಮಂದಿಯನ್ನು ಖುಲಾಸೆ ಮಾಡಿದರು. ಕಂಡಕ್ಟರೇ ಪಾಟೀಸವಾಲಿನಲ್ಲಿ ಕಂಬದ ವಿಷಯ ಒಪ್ಪಿಕೊಂಡಿದ್ದ. ಹೆಂಗಸರು ಕೋರ್ಟಿನ ಅಂಗಳದಲ್ಲೇ ನಕ್ಕು, ಅತ್ತು, ವನಜಳನ್ನು ಹೋಟೆಲಿಗೆ ಎಳೆದುಕೊಂಡು ಹೋದರು. ಅಲ್ಲಿ ಅವಳಿಗೊಬ್ಬಳಿಗೆ ಪ್ರತ್ಯೇಕ ಕುರ್ಚಿ ಹಾಕಿಸಿದರು. "ಹ್ವಾಯ್, ಟೀಚರ್‌ಗೆ ಮೊದ್ಲ್ ಕೊಡಿ!" ಎಂದು ಪದ್ದು ಕೂಗಿದಳು. ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದ್ದ ಪದ್ದು ಈಗ ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ಬೆಂಚಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದ ಅವರನ್ನು ವನಜ ನೋಡಿದಳು. ಅಲ್ಲಿ ತನಗೂ ಒಂದಿಷ್ಟು ಜಾಗ ಮಾಡಿ ಎನ್ನಬೇಕೆನಿಸಿತು, ಅನ್ನಲಿಲ್ಲ.

ಹೊರಡುವಾಗ ಅಮ್ಮಣ್ಣಿ ಅವಳ ಕೈ ಹಿಡಿದಳು. "ನೀ ಹೇಳಿದ್ ಆ ಅಮೇರ್ಕದ ಹೆಂಗ್ಸಿಗೆ ಒಂದ್ ಕಾಗ್ದ ಹಾಕ್. ನಾವ್ ಗೆದ್ದೊ ಅಂದ್ಹೇಳಿ."

"ಬರಿತೆ, ಚಿಕ್ಕಮ್ಮ."

ಬಸ್ಸು ಅವರನ್ನೆಲ್ಲ ಹತ್ತಿಸಿಕೊಂಡು ಹೋಯಿತು. ವನಜ ಕೋಣೆಗೆ ನಡೆದು ಬಂದು ಅವತ್ತೇ ಪತ್ರ ಬರೆದಳು. ಅಮ್ಮಣ್ಣಿ ಹೇಳಿದಂತೆ 'ನಾವು ಗೆದ್ದೆವು' ಎಂದು ಬರೆದು, ಅದು ಚಿಕ್ಕಮ್ಮನ ಮಾತು ಎಂದೂ ಸೇರಿಸಿದಳು. ಉತ್ತರಕ್ಕೆ ನಾಲ್ಕು ತಿಂಗಳು ಕಾದಳು, ಬರಲಿಲ್ಲ. ಅಕ್ಟೋಬರಿನ ಒಂದು ಭಾನುವಾರ ಪುಸ್ತಕ ತೆರೆದು, 'ನಾವು ಕೂತೆವು' ಎಂಬುದನ್ನು ದಾಟಿ ಮುಂದಿನ ಕವಿತೆಗೆ ಕೂತಳು. ಜೈಲಿನಲ್ಲಿ ಬರೆದ ಹನ್ನೆರಡು ಸಾಲಿನ ಸಣ್ಣ ಕವಿತೆ. ಮೊದಲ ಸಾಲೇ ಎರಡು ಭಾನುವಾರ ತೆಗೆದುಕೊಂಡಿತು.