ಟೆಲಿಫೋನಿನಲ್ಲಿ ಆಡಬಾರದ ಮಾತು

ಎರಡು ಉದ್ದ, ಒಂದು ಗಿಡ್ಡ. ಗೋಡೆಯ ಮೇಲಿನ ಟೆಲಿಫೋನು ಮತ್ತೆ ಹಾಗೇ ಬಡಿದುಕೊಂಡಿತು. ತಮ್ಮ ಮನೆಯದೇ ಗಂಟೆ, ಅನುಮಾನವಿಲ್ಲ. ಆದರೂ ಗೇಸ್ಕೆ ಹಿಟ್ಟು ಮೆತ್ತಿದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಆ ಮರದ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು.

"ತಗೊಳ್ಳೇ, ಅದೇನು ಕಚ್ಚುತ್ತಾ?" ಒಳಕೋಣೆಯ ಮಂಚದಿಂದ ಗಂಡ ಹಾರ್ಮ್ ಕೆಮ್ಮುತ್ತಲೇ ಕೂಗಿದ.

"ಅದು ಕಚ್ಚಲ್ಲ. ಆ ಕಡೆ ಕೂತು ಕೇಳೋರು ಕಚ್ತಾರೆ."

ಗೇಸ್ಕೆಯ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿ ವರ್ಷ ಕಳೆದ ಮೇಲೆ ಐಯೋವಾದ ಗವರ್ನರ್ ಒಂದು ಆಜ್ಞೆ ಹೊರಡಿಸಿದ್ದ. ಮನೆಯ ಹೊಸ್ತಿಲಾಚೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು. ರೈಲಿನಲ್ಲಿ ಕೂಡದು, ಚರ್ಚಿನಲ್ಲಿ ಕೂಡದು, ಟೆಲಿಫೋನಿನಲ್ಲಂತೂ ಕೂಡಲೇ ಕೂಡದು. ಆ ರಸ್ತೆಯ ಹೊಲಮನೆಗಳಿಗೆಲ್ಲ ಇದ್ದದ್ದು ಒಂದೇ ತಂತಿ. ಯಾರ ಮನೆಗೆ ಗಂಟೆಯಾದರೂ ಎಲ್ಲರ ಮನೆಯಲ್ಲೂ ರಿಸೀವರು ಕಿವಿಗೇರುತ್ತಿತ್ತು. ಬೇಸಿಗೆಯಲ್ಲಿ ಪಕ್ಕದ ಹೊಲದ ಫ್ರೌಕೆ ತಂಗಿಯ ಹತ್ತಿರ ಬ್ರೆಡ್ಡಿನ ಹುದುಗು ಕೇಳುವಾಗ ಮನೆಮಾತಾದ ಜರ್ಮನ್ ಬಾಯಿಗೆ ಬಂದುಬಿಟ್ಟಿತ್ತು. ಮಿಸೆಸ್ ಹಾಲ್ಡನ್ ಕೇಳಿಸಿಕೊಂಡು ದೂರು ಕೊಟ್ಟಳು. ಫ್ರೌಕೆಯನ್ನು ದೇಶರಕ್ಷಣಾ ಸಮಿತಿಯ ಮುಂದೆ ನಿಲ್ಲಿಸಿ ದಂಡ ಹಾಕಿದರು. ಮರುದಿನ ಬೆಳಗಾಗುವಷ್ಟರಲ್ಲಿ ಅವಳ ಕೊಟ್ಟಿಗೆಯ ಬಾಗಿಲಿಗೆ ಯಾರೋ ದೇಶದ್ರೋಹಿಯ ಗುರುತೆಂದು ಹಳದಿ ಬಣ್ಣ ಬಳಿದಿದ್ದರು.

ಆ ಸಮಿತಿಯ ಅಧ್ಯಕ್ಷ ಆರ್ಲೋ ಕಾಲ್ಬಿ. ಹೊರಗಿನವನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತಂದೆತಾಯಿಯಿಲ್ಲದ ಅವನು ಹಾರ್ಮ್‌ನ ಅಣ್ಣನ ಮನೆಯಲ್ಲಿ ಕೆಲಸಕ್ಕಿದ್ದು ಬೆಳೆದವನು. ದನಗಳ ನಡುವೆ ಓಡಾಡುತ್ತಲೇ ಅವರ ಮಾತು ಕಲಿತಿದ್ದ. ಗೇಸ್ಕೆ ಹೊಸ ಸೊಸೆಯಾಗಿ ಬಂದಾಗ ಬಾಯ್ತುಂಬ 'ಅತ್ತಿಗೆ' ಎನ್ನುತ್ತಿದ್ದ, ಅವಳ ಕೈಯ ಬಟಾಣಿ ಸೂಪನ್ನು ಬಟ್ಟಲುಗಟ್ಟಲೆ ಕುಡಿಯುತ್ತಿದ್ದ. ಆಮೇಲೆ ಸ್ಪೇನಿನ ಯುದ್ಧ ಬಂತು. ಆರ್ಲೋ ದಂಡಿಗೆ ಸೇರಿ ಮನಿಲಾ ಕಡೆಯ ದ್ವೀಪಗಳಿಗೆ ಹಡಗು ಹತ್ತಿದ. ಅಲ್ಲಿ ಸ್ಪೇನಿನವರು ಆಗಲೇ ಸೋತಿದ್ದರೂ ಇವರು ಆ ದ್ವೀಪಗಳನ್ನು ಬಿಟ್ಟುಬರಲಿಲ್ಲ. ಅಲ್ಲಿನವರ ಮೇಲೇ ಗುಂಡು ಹಾರಿಸಿ, ಒಂದು ಪದಕ ಮತ್ತು ಒಂದು ಕುಂಟುಗಾಲಿನೊಂದಿಗೆ ಅವನು ವಾಪಸಾದ. ಈಗ ಸಭೆ ಸಭೆಯಲ್ಲೂ ಅವನದು ಅದೇ ಭಾಷಣ. "ಸಮುದ್ರ ದಾಟಿ ಹೋಗಿ ಮನಿಲಾದವರಿಗೇ ಇಂಗ್ಲಿಷ್ ಕಲಿಸಿದ್ದೀವಿ. ನಮ್ಮೂರಿನವರಿಗೆ ಕಲಿಸೋಕಾಗಲ್ವಾ?" ಜನ ಚಪ್ಪಾಳೆ ತಟ್ಟುತ್ತಿದ್ದರು. ಜರ್ಮನ್ ಗೊತ್ತಿದ್ದವನಿಗಲ್ಲದೆ ಜರ್ಮನ್ ಆಡುವವರನ್ನು ಹಿಡಿಯಲು ಇನ್ಯಾರಿಗೆ ಬರುತ್ತದೆ? ಹಾಗೆಂದೇ ಅವನನ್ನು ಅಧ್ಯಕ್ಷನನ್ನಾಗಿ ಮಾಡಿದ್ದರು.

ಹಾರ್ಮ್‌ಗೆ ಆ ಭಾಷಣ ನೆನೆದರೇ ಮೈಯೆಲ್ಲ ಉರಿ. "ಕೈಸರನ ದಂಡಿಗೆ ಹೆದರಿ ಮೂವತ್ತು ವರ್ಷದ ಹಿಂದೆ ಜರ್ಮನಿಯಿಂದ ಓಡಿಬಂದೋನು ನಾನು. ನನ್ನನ್ನೇ ಕೈಸರನ ಬಂಟ ಅಂತಾರೆ. ಇನ್ನೆಲ್ಲಿಗೆ ಓಡ್ಲಿ, ಮನಿಲಾಕ್ಕಾ?" ಎನ್ನುತ್ತಿದ್ದ. ಈಗಂತೂ ಎಲ್ಲಿಗೂ ಓಡುವಂತಿರಲಿಲ್ಲ. ಇನ್‌ಫ್ಲುಯೆಂಜಾ ಬಂದು ಮಲಗಿದ್ದ, ಬಾಗಿಲಿಗೆ ಆರೋಗ್ಯ ಇಲಾಖೆಯ ಕೆಂಪು ಚೀಟಿ ಬಿದ್ದಿತ್ತು. ಒಳಗಿದ್ದವರು ಹೊರಗೆ ಹೋಗುವಂತಿಲ್ಲ. ಆ ಕಡೆ ಮಗಳು ಹಿಲ್ಕೆಗೆ ದಿನ ತುಂಬಿತ್ತು. ಅಳಿಯ ಎನ್ನೊ ಅಮೆರಿಕದ ಸಮವಸ್ತ್ರ ತೊಟ್ಟು ಫ್ರಾನ್ಸಿನ ಕೆಸರಿನಲ್ಲಿದ್ದ. ಚೊಚ್ಚಲ ಬಸುರಿ ಒಬ್ಬಳೇ ಮನೆಯಲ್ಲಿ.

ಮೂರನೆಯ ಸಲ ಗಂಟೆಯಾದಾಗ ಗೇಸ್ಕೆ ರಿಸೀವರು ಎತ್ತಿದಳು. ಟಕ್, ಟಕ್ ಎಂದು ರಸ್ತೆಯುದ್ದಕ್ಕೂ ಬೇರೆ ಮನೆಗಳ ರಿಸೀವರುಗಳೂ ಮೇಲೆದ್ದದ್ದು ಕೇಳಿಸಿತು.

"ಮಿಸೆಸ್ ಫ್ರೆರಿಕ್ಸ್? ನಾನು ಕಾಲ್ಬಿ," ಎಂದಿತು ಇಂಗ್ಲಿಷಿನಲ್ಲಿ ಗಂಡಸಿನ ದನಿ.

ಯಾವಾಗ ಏನು ಆಡಿಬಿಟ್ಟೆ? ಯಾರ ಹತ್ತಿರ? ಅವಳು ನೆನಪಿಸಿಕೊಳ್ಳುವ ಮೊದಲೇ ಅವನು ಇಂಗ್ಲಿಷನ್ನು ಗಡಿಬಿಡಿಯಲ್ಲಿ ಸುರಿಯತೊಡಗಿದ. ಆ ರಾಶಿಯಲ್ಲಿ ಅವಳ ಕೈಗೆ ಸಿಕ್ಕದ್ದು ಎರಡೇ ಹೆಸರು: ಹಿಲ್ಕೆ, ಮತ್ತು ಎಡ್ನಾ. ಎಡ್ನಾ ಎಂದರೆ ಅವನ ಹೆಂಡತಿ. ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಮಗಳ ಚೀರಾಟ ತಂತಿಯಲ್ಲಿ ಹಾದು ಬಂತು. ಗೇಸ್ಕೆಗೆ ಎಲ್ಲ ಅರ್ಥವಾಯಿತು. ಮಗಳ ಮನೆಗೆ ಹತ್ತಿರದ ಮನೆ ಕಾಲ್ಬಿಯದೇ. ಗಂಡ ಹೆಂಡತಿ ಓಡಿ ಬಂದಿದ್ದಾರೆ. ಡಾಕ್ಟರು ಜ್ವರದವರ ಮನೆಗಳನ್ನು ಸುತ್ತುತ್ತ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ಅವಳಿಗೆ ಬರುತ್ತಿದ್ದದ್ದು ಮೊಟ್ಟೆ ಮಾರುವ ಇಂಗ್ಲಿಷು. ವಾರಕ್ಕೊಮ್ಮೆ ಪೇಟೆಯ ಅಂಗಡಿಗೆ ಬುಟ್ಟಿ ಹೊತ್ತು ಹೋಗಿ ಕಲಿತದ್ದು ಅಷ್ಟೇ. ಇದ್ದದ್ದರಲ್ಲೇ ಕೈಯಾಡಿಸಿದಳು.

"ಗುಡ್ ಮಾರ್ನಿಂಗ್," ಎಂದಳು ಮೊದಲು, ಅಭ್ಯಾಸಬಲದಿಂದ. ಆಮೇಲೆ, "ನೀರು... ಒಡೆದಿದೆ? ಬಿರುಕು ಇಲ್ಲ?"

"ಒಡೆದಿದೆ, ಒಡೆದಿದೆ!"

"ತಾಜಾ? ನಿನ್ನೆಯದು?"

"ನಿನ್ನೆಯದು!" ಎಂದ ಅವನು. ಪಾಪ, ಅವನಿಗೂ ಬೇರೆ ದಾರಿಯಿರಲಿಲ್ಲ. ತಂತಿಯಲ್ಲಿ ಯಾರೋ ಕಿಸಕ್ಕೆಂದರು.

ಅವನು ಇನ್ನೊಂದು ಮಾತು ಹೇಳಿದ. ಅವಳಿಗೆ ತಿಳಿಯಲಿಲ್ಲ. ಜೋರಾಗಿ ಹೇಳಿದ. "ಫೂಟ್! ಫೂಟ್!"

ಕಾಲಿಗೆ ಅವಳ ಮಾತಿನಲ್ಲೂ ಫೂಟ್ ಎಂದೇ ಹೆಸರು. ಅವಳ ಎರಡನೆಯ ಕೂಸೂ ಹೀಗೇ ಕಾಲು ಮುಂದಾಗಿ ಬಂದಿತ್ತು. ಅವತ್ತು ಬಂದಿದ್ದ ಹೆಂಗಸು ಗಾಬರಿಯಲ್ಲಿ ಹಿಡಿದೆಳೆದಿದ್ದಳು. ಆ ಕೂಸು ಒಂದು ದಿನವೂ ಉಳಿಯಲಿಲ್ಲ. ಎಳೆಯಬೇಡಿ, ಕೈ ಹಾಕಬೇಡಿ ಎಂದು ಈ ಕ್ಷಣ ಹೇಳದಿದ್ದರೆ ಮಗು ಹೋಗುತ್ತದೆ, ಮಗಳೂ ಉಳಿಯುವಳೋ ಇಲ್ಲವೋ. ಮೊಟ್ಟೆಯ ಇಂಗ್ಲಿಷಿನಲ್ಲಿ ಅದಕ್ಕೆ ಮಾತಿರಲಿಲ್ಲ. ಇಂಗ್ಲಿಷ್ ಬಲ್ಲ ಹಿಲ್ಕೆ ಚೀರುವುದನ್ನು ಬಿಟ್ಟು ಬೇರೇನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ರಸ್ತೆಯುದ್ದಕ್ಕೂ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ಹಾಲ್ಡನ್ ಮನೆಯವಳಂತೂ ಖಂಡಿತ ಇದ್ದಳು. ಹಳದಿ ಬಳಿಯುವುದಾದರೆ ಇಡೀ ಮನೆಗೇ ಬಳಿದುಕೊಳ್ಳಲಿ ಎನ್ನಿಸಿತು ಗೇಸ್ಕೆಗೆ.

"ಆರ್ಲೋ," ಎಂದಳು ತನ್ನ ಮಾತಿನಲ್ಲೇ, ಗಂಟಲು ತೆರೆದು. "ಆರ್ಲೋ, ನಾನು ಹೇಳೋದನ್ನ ಸರಿಯಾಗಿ ಕೇಳಪ್ಪ."

ಕಿಸಕ್ಕೆಂದವರೂ ಸುಮ್ಮನಾದರು. ಅಧ್ಯಕ್ಷ ಈಗ ಏನು ಮಾಡುತ್ತಾನೆಂದು ಎಲ್ಲರೂ ಕಾಯುತ್ತಿದ್ದರು, ಗೇಸ್ಕೆಯೂ ಕಾದಳು.

"ಹೇಳಿ ಅತ್ತಿಗೆ," ಎಂದ ಅವನು. ಅದೇ ಹಳೆಯ ಕೊಟ್ಟಿಗೆಯ ಮಾತು, ಎಷ್ಟೋ ವರ್ಷ ಬಳಸದೆ ತೊದಲುತ್ತಿತ್ತು. "ಬೇಗ ಹೇಳಿ. ಎರಡೂ ಕಾಲು ಹೊರಗೆ ಬಂದಿವೆ."

"ಅವಳನ್ನ ಮಂಚದ ಅಂಚಿಗೆ ತರಲಿ. ಬೆಚ್ಚಗಿರೋ ಬಟ್ಟೇಲಿ ಮಗೂನ ಸುತ್ತಲಿ. ಅಷ್ಟೇ. ಎಳೆಯೋದು ಬೇಡ, ತಿಳೀತಾ?"

ಅವನು ಕೋಣೆಯ ಕಡೆಗೆ ತಿರುಗಿ ಹೆಂಡತಿಗೆ ಇಂಗ್ಲಿಷಿನಲ್ಲಿ ಕೂಗಿದ್ದು ಕೇಳಿಸಿತು. ಅದರಲ್ಲಿ ಒಂದು ಪದ ಗೇಸ್ಕೆಯ ಕಿವಿಗೆ ಚುಚ್ಚಿತು. ಪುಲ್. ಮೊಟ್ಟೆ ಅಂಗಡಿಯ ಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ದ ಪದ. ಅದನ್ನು ಓದಲು ಬಾರದೆ ಆ ಬಾಗಿಲನ್ನು ಅವಳು ವರ್ಷಗಟ್ಟಲೆ ಒಳಕ್ಕೆ ನೂಕಿ, ಒಳಗಿನವರು 'ಪುಲ್, ಪುಲ್' ಎಂದು ಕೂಗುವಾಗ ನಗೆಪಾಟಲಾಗಿದ್ದಳು.

"ಪುಲ್ ಅಂದ್ಯಾ? ಎಳಿ ಅಂದ್ಯಾ? ಎಳೀಬೇಡ ಅಂದೆ ಕಣೋ ನಾನು!"

"ಹಿಂಗಾಲು ಮೊದಲು ಬಂದ್ರೆ ಬೇಗ ಎಳೀಬೇಕಲ್ವಾ ಅತ್ತಿಗೆ? ಅಣ್ಣ ಹಾಗೇ ಹೇಳಿಕೊಟ್ಟಿದ್ರು..."

"ಅದು ಕರೂಗೆ ಕಣೋ ದಡ್ಡ ಮುಂಡೇದೇ! ಇದು ಕರು ಅಲ್ಲ, ನನ್ನ ಮಗಳ ಮಗು! ಕೈ ತೆಗಿ ಅನ್ನು ನಿನ್ನ ಹೆಂಡ್ತಿಗೆ! ತೆಗೆದ್ಲಾ?"

"ಎಡ್ನಾ, ಬಿಡು! ಮುಟ್ಟಬೇಡ!" ಗಾಬರಿಯಲ್ಲಿ ಇದನ್ನೂ ಅವನು ಗೇಸ್ಕೆಯ ಮಾತಿನಲ್ಲೇ ಕೂಗಿ, ಆಮೇಲೆ ತಿದ್ದಿಕೊಂಡು ಇಂಗ್ಲಿಷಿನಲ್ಲಿ ಕೂಗಿದ. "ತೆಗೆದ್ಲು ಅತ್ತಿಗೆ. ಕೈ ತೆಗೆದ್ಲು."

"ಯಾರಿಗೇ ಹಾಗೆ ಬಯ್ತಿದ್ದೀಯಾ?" ಎಂದು ಒಳಗಿನಿಂದ ಹಾರ್ಮ್ ಕೇಳಿದ.

"ಕಾಲ್ಬಿಗೆ!"

"ದೇವರೇ," ಎಂದ ಹಾರ್ಮ್, ಮತ್ತೆ ಹೊದಿಕೆ ಎಳೆದುಕೊಂಡ.

ಆಮೇಲೆ ಅವಳು ಒಂದೊಂದೇ ಮಾತು ಹೇಳುವುದು, ಅವನು ಒಂದೊಂದನ್ನೇ ಇಂಗ್ಲಿಷಿಗೆ ದಾಟಿಸುವುದು. ನೋವು ಬಂದಾಗ ಮುಕ್ಕಲಿ. ನೋವಿಲ್ಲದಾಗ ಸುಮ್ಮನಿರಲಿ. ಬೆನ್ನು ಮೇಲಾಗಿದೆಯಾ ನೋಡಲಿ. ಹೆಗಲು ಬಂತಾ? ಈಗ ಕಾಲು ಹಿಡಿದು ಮೆಲ್ಲಗೆ ಮೇಲಕ್ಕೆ, ತಾಯಿಯ ಹೊಟ್ಟೆಯ ಕಡೆಗೆ, ಎಳೆಯದೆ. 'ಭುಜ'ಕ್ಕೆ ಅವನಿಗೆ ಮಾತು ನೆನಪಾಗದೆ 'ಮುಂಗಾಲಿನ ಬುಡ' ಎಂದ. ಅವಳು ಹೂಂ ಎಂದಳು. ಕೊನೆಗೆ ಅವನು, "ಬಂತು. ಪೂರಾ ಬಂತು ಅತ್ತಿಗೆ," ಎಂದ. ಮತ್ತೆ ದನಿಯಿಳಿಸಿ, "ಅಳ್ತಾ ಇಲ್ಲ," ಎಂದ.

"ಒರಟು ಬಟ್ಟೇಲಿ ಬೆನ್ನು ಉಜ್ಜಲಿ. ಮುಖಕ್ಕೆ ಊದಲಿ. ಇನ್ನೂ ಜೋರಾಗಿ ಉಜ್ಜಲಿ, ಕರುಣೆ ಬೇಡ."

ಯಾರ ಮನೆಯದೋ ಗೋಡೆ ಗಡಿಯಾರದ ಸದ್ದು ಮಾತ್ರ ತಂತಿಯಲ್ಲಿ ಹಾಯುತ್ತಿತ್ತು. ಗೇಸ್ಕೆ ಕಣ್ಣು ಮುಚ್ಚಿಕೊಂಡಳು. ಆಗ ಬೆಕ್ಕಿನ ಮರಿಯದರಂತೆ ಒಂದು ಸಣ್ಣ ರಾಗ ಎದ್ದಿತು, ನಿಂತಿತು, ಆಮೇಲೆ ಯಾರಪ್ಪನ ಭಯವೂ ಇಲ್ಲದಂತೆ ದೊಡ್ಡದಾಯಿತು.

ಗೇಸ್ಕೆ ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. ಎಷ್ಟು ಹಗುರವಾಯಿತೆಂದರೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ.

"ಹೆಣ್ಣು," ಎಂದ ಕಾಲ್ಬಿ. "ಹಿಲ್ಕೆ ಚೆನ್ನಾಗಿದ್ದಾಳೆ. ನಗ್ತಾ ಇದ್ದಾಳೆ."

"ತೂಕ ಎಷ್ಟಿರಬಹುದು?" ಎಂದಿತು ತಂತಿಯಲ್ಲಿ ಇನ್ನೊಂದು ದನಿ, ಇಂಗ್ಲಿಷಿನಲ್ಲಿ. ಮಿಸೆಸ್ ಹಾಲ್ಡನ್. ತಾನು ಅಲ್ಲಿರಲೇ ಬಾರದಾಗಿತ್ತೆಂದು ಅವಳಿಗೆ ಆಮೇಲೆ ಹೊಳೆದಿರಬೇಕು, ಕೆಮ್ಮಿದಳು. "ಅಲ್ಲ... ನನ್ನ ಮನೇಲಿ ಎಳೆಮಕ್ಕಳ ಉಣ್ಣೆಯಂಗಿ ಇವೆ. ಅದಕ್ಕೆ ಕೇಳಿದೆ."

ಕಾಲ್ಬಿ ಅದನ್ನು ಗೇಸ್ಕೆಯ ಮಾತಿಗೆ ದಾಟಿಸಿದ. ದಾಟಿಸಿದ ಮೇಲೂ ರಿಸೀವರು ಇಡಲಿಲ್ಲ.

"ಅತ್ತಿಗೆ, ಮನಿಲಾದ ಆಚೆ ಒಂದು ಹಳ್ಳೀಲಿ ಒಬ್ಬ ಹೆಂಗಸು ನನ್ನ ತೋಳು ಹಿಡ್ಕೊಂಡು ಏನೋ ಕೂಗ್ತಾನೇ ಇದ್ಲು. ನಾವು ಆಗ ಅವಳ ಗುಡಿಸಲಿಗೆ ಬೆಂಕಿ ಇಡ್ತಿದ್ವಿ. ಏನು ಹೇಳ್ತಿದ್ದಾಳೆ ಅಂತ ನನಗೆ ಗೊತ್ತಾಗ್ಲೇ ಇಲ್ಲ."

"ಉಂಡಿದ್ದೀಯೇನೋ?" ಎಂದಳು.

"ಇಲ್ಲ."

"ಎಡ್ನಾಗೆ ಹೇಳು, ಒಲೆ ಮೇಲೆ ಏನಾದ್ರೂ ಇರುತ್ತೆ. ಹಿಲ್ಕೆ ಇಟ್ಟಿರ್ತಾಳೆ."

ಅವನು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿಗೆ ತಿರುಗಿದ. ಅದು ಸಭೆಗಳಲ್ಲಿ ಮಾತಾಡುವ ದನಿ. ಈ ಲೈನು ಬೆಳಗಿನಿಂದ ಕೆಟ್ಟಿದೆ, ಬರೀ ಗರಗರ ಸದ್ದು, ಯಾರಿಗೂ ಏನೂ ಕೇಳಿಸಿಲ್ಲ, ಸಂಜೆಯವರೆಗೆ ಇದನ್ನು ಯಾರೂ ಬಳಸಬಾರದು ಎಂದು ಸಮಿತಿಯ ಪರವಾಗಿ ಸಾರಿದ. "ಸರಿ ಸಾರ್," ಎಂದರು ಒಬ್ಬರು. "ಹೌದು, ಏನೂ ಕೇಳಿಸ್ಲಿಲ್ಲ," ಎಂದರು ಇನ್ನೊಬ್ಬರು. ಮಿಸೆಸ್ ಹಾಲ್ಡನ್ ಕೂಡ ಹೂಂಗುಟ್ಟಿದಳು. ಟಕ್, ಟಕ್ ಎಂದು ರಿಸೀವರುಗಳು ಕೆಳಗಿಳಿದವು. ಗೇಸ್ಕೆ ಕೆಳಗಿಡಲಿಲ್ಲ, ಆ ಕಡೆಯವನೂ ಇಡಲಿಲ್ಲ. ಅವನು ತೊಟ್ಟಿಲನ್ನು ಟೆಲಿಫೋನಿನ ಕೆಳಗೇ ಎಳೆದುಕೊಂಡು ಬಂದ ಸದ್ದು ಕೇಳಿಸಿತು.

ಅವಳು ರಿಸೀವರನ್ನು ಅದರ ಹುರಿಯಲ್ಲೇ ತೂಗಬಿಟ್ಟು ಹಿಟ್ಟು ನಾದಲು ಕೂತಳು. ಸ್ವಲ್ಪ ಹೊತ್ತಿಗೊಮ್ಮೆ ಅದರಿಂದ ಒಂದು ಸಣ್ಣ ಕುಂಯ್ ಎನ್ನುವ ಸದ್ದು ಅಡುಗೆಮನೆಗೆ ಬರುತ್ತಿತ್ತು. ಆಗೆಲ್ಲ ಅವಳು ನಾದುವುದನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದಳು.

"ಯಾರೇ ಅದು ಲೈನಲ್ಲಿ?" ಎಂದು ಹಾರ್ಮ್ ಕೂಗಿದ.

"ನಮ್ಮೋರು," ಎಂದಳು. ಸಂಜೆ ಹಾಲು ಕರೆಯುವ ಹೊತ್ತಾದರೂ ಆ ರಸ್ತೆಯಲ್ಲಿ ಯಾರೂ ಟೆಲಿಫೋನಿನ ಹಿಡಿ ತಿರುಗಿಸಿ ಗಂಟೆ ಬಾರಿಸಲಿಲ್ಲ.