ಬೇರೆಯವಳ ಮೊಣಕೈ

ಗಂಡನ ಎಡಗಾಲನ್ನು ಮಡಿಸಿ, ಪಾದವನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು ಬುನ್‌ಪನ್ ಮುಂದಕ್ಕೆ ವಾಲಿದಳು. ಮೊಣಕಾಲು ಅವನ ಎದೆಯವರೆಗೂ ಹೋಯಿತು.

ಹೋಗಬಾರದಿತ್ತು. ಲಾಂಗನ್ ಹಣ್ಣಿನ ತೋಟಗಳಲ್ಲಿ ಏಣಿ ಹತ್ತಿ ಸವೆದ ಇಂಕೇವ್‌ನ ಸೊಂಟ ಎಲ್ಲಿ ಹಟ ಹಿಡಿದು ನಿಲ್ಲುತ್ತದೆಂದು ಅವಳ ಮೈಗೆ ಗೊತ್ತಿತ್ತು. ಇವತ್ತು ಅದು ಎಣ್ಣೆ ಬಿಟ್ಟ ಬಾಗಿಲಿನಂತೆ ತೆರೆದುಕೊಂಡಿತು.

ಅವನನ್ನು ಚಾಪೆಯ ಮೇಲೆ ಮಗುಚಿ ಮಲಗಿಸಿ, ಸಡಿಲ ಚಡ್ಡಿಯ ಅಂಚನ್ನು ಕೆಳಗೆ ಸರಿಸಿದಳು. ಸೊಂಟದ ಕೆಳಗೆ ದುಂಡಗಿನ ಒಂದು ನೀಲಿ ಗುರುತು. ಹೆಬ್ಬೆರಳಿನದಲ್ಲ. ಮೊಣಕೈಯದು. ಆ ಜಾಗವನ್ನು ಮೊಣಕೈಯಿಂದ ಒತ್ತಲು ಅವಳು ಕಲಿಸಿದ್ದು ಒಬ್ಬಳಿಗೇ, ಹೆಬ್ಬೆರಳಿನ ಕೀಲು ಕೆಟ್ಟಿದ್ದ ಚಂಹೋಮ್‌ಗೆ. ಆ ಶಿಷ್ಯೆ ಹೋದ ಚಳಿಗಾಲದಲ್ಲಿ ಒಂದು ಮಾತೂ ಹೇಳದೆ ಹೋಗಿ, ಮಾರುಕಟ್ಟೆಯ ಆಚೆ ತನ್ನದೇ ಮಾಲೀಸು ಅಂಗಡಿ ತೆರೆದಿದ್ದಳು.

"ಯಾವಾಗಿಂದ ಹೋಗ್ತಿದೀಯ?"

"ಎಲ್ಲಿಗೆ?"

"ಸೊಂಟ ಆಗ್ಲೇ ಹೇಳ್ಬಿಟ್ಟಿದೆ. ಈಗ ನೀನು ಹೇಳು."

ಇಂಕೇವ್ ದಿಂಬಿಗೆ ಮುಖ ಒತ್ತಿಕೊಂಡ. "ಮಳೆ ಶುರುವಾದಾಗಿಂದ."

"ಅವಳ ಅಂಗಡಿ ಮೆಟ್ಲು ಹತ್ಬೇಡಿ ಅಂತ ಬೀದಿಗೆಲ್ಲ ಸಾರಿದೋನು ನೀನೇ ಅಲ್ವಾ?"

"ಸಾರಿದ್ದೆ. ನೋವಿಗೆ ಕಿವಿ ಇದ್ಯಾ? ನಿನ್ನ ಹೆಬ್ಬೆರಳಲ್ಲಿ ಮೊದಲಿನ ಕಸುವಿಲ್ಲ ಮಾರಾಯ್ತಿ. ಹೇಳಿದ್ರೆ ನೊಂದ್ಕೊಳ್ತೀಯ ಅಂತ ಸುಮ್ಮನಿದ್ದೆ."

"ಸುಮ್ಮನೆಲ್ಲಿದ್ದೆ? ಅಲ್ಲಿ ಒತ್ತಿಸ್ಕೊಂಡು ಬಂದು, ಇಲ್ಲಿ ನನ್ನ ಕೈಕೆಳಗೆ ಮಲಗಿ, 'ಆಹಾ, ಈಗ ಹಗುರಾಯ್ತು' ಅಂತಿದ್ದೆ."

ಅವನು ಎದ್ದು ಕೂತ. ಅವಳ ಕೈಗಳು ಅವಳ ಮಡಿಲಲ್ಲೇ ಇದ್ದವು. ಆ 'ಆಹಾ'ಗಳನ್ನು ನಂಬಿಕೊಂಡೇ ಅವಳು ಪ್ರತಿ ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಳು.

"ಅವಳಿಗೂ ಸಂಕಟ ಇದೆ ಕಣೇ," ಎಂದ. "ಗುರುವಾರ ಹೂವು, ಊದುಬತ್ತಿ ತಟ್ಟೆ ಹಿಡ್ಕೊಂಡು ಬಂದು ಕಾಲಿಗೆ ಬೀಳ್ತಾಳಂತೆ. ತಟ್ಟೆ ತಗೊಂಡ್ರೆ ಸಾಕು, ಮತ್ತೆ ನಿನ್ನ ಶಿಷ್ಯೆ. ಅಂಗಡಿಯ ಗುರುಪೀಠದಲ್ಲಿ ಜೀವಕ ವೈದ್ಯರ ಮೂರ್ತಿ ಪಕ್ಕ ನಿನ್ನ ಫೋಟೋನೂ ಇಡ್ತಾಳಂತೆ."

"ಸತ್ತ ಗುರುಗಳ ಸಾಲಿನಲ್ಲಾ? ಬಹಳ ಅವಸರ ಅವಳಿಗೆ."

"ತಮಾಷೆ ಬಿಡು. ನೀವಿಬ್ರೂ ಒಂದಾದ್ರೆ ನಾನು ಕದ್ದು ಹೋಗೋದಾದ್ರೂ ತಪ್ಪುತ್ತೆ."

ಹಾಗೆಂದ ಮೇಲೆ ತಾನೇನು ಹೇಳಿದೆನೆಂಬುದು ಅವನಿಗೂ ಕೇಳಿಸಿರಬೇಕು, ದನಿ ತಗ್ಗಿಸಿದ.

"ಬರಲಿ ಅಂತ ಹೇಳ್ಲಾ? ತಟ್ಟೆ ತಗೊಳ್ತೀಯ ತಾನೆ?"

"ಇಲ್ಲ," ಬುನ್‌ಪನ್ ಹೇಳಿದಳು. "ತಗೊಳ್ಳಲ್ಲ."